ನಗುವವನ ಕುರ್ಚಿ

“ಒಂದು ನಿಮಿಷ ನಿಲ್ಲು, ಗುಡ್ಡಣ್ಣ,” ಎಂದು ಹಿದಾಯತ್ ಗೇಟಿಗೆ ಕೈ ಅಡ್ಡ ಹಿಡಿದ.

ಗುಡ್ಡಪ್ಪ ಅಲ್ಲೇ ನಿಂತ. ಈ ನಾಟಕ ಕಂಪನಿ ದಾವಣಗೆರೆಯಲ್ಲಿ ಕ್ಯಾಂಪ್ ಹಾಕಿದ್ದ ಒಂಬತ್ತು ತಿಂಗಳೂ ಅವನಿಗೆ ಯಾರೂ ಕೈ ಅಡ್ಡ ಹಿಡಿದಿರಲಿಲ್ಲ. ಕಂಪನಿ ಹರಿಹರಕ್ಕೆ ಬಂದು ಹೊಳೆಯ ದಾರಿಯ ಬಯಲಿನಲ್ಲಿ ತಗಡಿನ ಥಿಯೇಟರು ನಿಲ್ಲಿಸಿದ ಮೇಲೂ, ಪ್ರತಿ ಭಾನುವಾರ ದಾವಣಗೆರೆಯಿಂದ ರೈಲಿನಲ್ಲಿ ಬಂದು ಮಧ್ಯಾಹ್ನದ ಆಟಕ್ಕೆ ಸೀದಾ ಒಳಗೆ ಹೋಗಿ ಕೂರುತ್ತಿದ್ದ. ಇವತ್ತೇ ಹೀಗಾಗಬೇಕೇ? ಪಕ್ಕದಲ್ಲಿ ಹೆಂಡತಿ ರಂಗವ್ವ ಇದ್ದಾಳೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ನಾಟಕಕ್ಕೆಂದು ಹೊರಟವಳು, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟಿದ್ದಾಳೆ.

ಹಿದಾಯತ್ ಒಳ್ಳೆಯವನು. ಹೆಣ್ಣುಮಗಳ ಮುಂದೆ ಹೇಳಲಿಲ್ಲ. “ಅಕ್ಕ, ನೀವು ಆ ಕಡೆ ಬಾಗಿಲಿಂದ ಹೋಗ್ರಿ, ಹೆಂಗಸರಿಗೆ ಅಲ್ಲೇ ಜಾಗ,” ಎಂದು ಅವಳನ್ನು ಕಳಿಸಿ, ಆಮೇಲೆ ದನಿ ಇಳಿಸಿದ.

“ಮಾಲಕರು ಹೇಳ್ಯಾರೆ. ಹೋದ ವಾರದಂಗೆ ಕೆಮ್ಮಿದ್ರೆ ಆ ಕುರ್ಚಿ ಇನ್ನ ಮ್ಯಾಲೆ ನಿಂಗಿಲ್ಲಂತೆ. ರೊಕ್ಕ ಕೊಟ್ಟು ಬಂದೋರು ತಕರಾರು ಮಾಡ್ಯಾರೆ. ನನ್ ಮ್ಯಾಲೆ ಸಿಟ್ಟಾಗಬ್ಯಾಡ ಭಾಯ್, ನಾನು ಬರೇ ಗೇಟಿನೋನು.”

“ಇವತ್ತು ಕೆಮ್ಮಲ್ಲ,” ಎಂದ ಗುಡ್ಡಪ್ಪ. ಕೆಮ್ಮು ತನ್ನ ಮನೆಯ ಆಳೋ ಏನೋ ಎಂಬಂತೆ ಹೇಳಿದ. ಜೇಬಿನಿಂದ ಜ್ಯೇಷ್ಠಮಧುವಿನ ತುಂಡು ತೆಗೆದು ದವಡೆಗೆ ಒತ್ತರಿಸಿಕೊಂಡು ಒಳಗೆ ಹೋದ.

ಆ ಕುರ್ಚಿ ಅವನಿಗೆ ದಕ್ಕಿದ್ದು ನಗೆಯಿಂದ. ಕಂಪನಿ ದಾವಣಗೆರೆಗೆ ಬಂದ ಹೊಸದರಲ್ಲಿ, ಹಾಸ್ಯದ ಪಾರ್ಟಿನ ಬಕ್ಕೇಶಪ್ಪ ಮಾಸ್ತರ್ ಎಷ್ಟು ಹೆಣಗಿದರೂ ಜನ ಕಲ್ಲಿನ ಹಾಗೆ ಕೂತುಬಿಟ್ಟಿದ್ದರು. ನೆಲದ ಮೇಲೆ ಕೂತಿದ್ದ ಗುಡ್ಡಪ್ಪನೊಬ್ಬನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಅವನ ನಗೆಯೇ ಒಂದು ತರಹದ್ದು. ಮೊದಲು ಗಂಟಲಲ್ಲಿ ಕೊಕ್ ಕೊಕ್ ಎಂದು ಮೊಟ್ಟೆಯಿಡುವ ಕೋಳಿಯ ಹಾಗೆ ಶುರುವಾಗಿ, ತಡೆತಡೆದು, ಕೊನೆಗೆ ಕಟ್ಟೆಯೊಡೆದು ಬರುತ್ತಿತ್ತು. ಅಕ್ಕಪಕ್ಕದವರು ಅವನ ನಗು ಕೇಳಿ ನಕ್ಕರು, ಅವರನ್ನು ನೋಡಿ ಬೆಂಚಿನವರು ನಕ್ಕರು, ಬೆಂಚಿನವರು ನಗುವಾಗ ಕುರ್ಚಿಯವರು ಎಷ್ಟು ಹೊತ್ತು ಬಿಗುಮಾನದಿಂದ ಇದ್ದಾರು? ಮರುದಿನ ಬಕ್ಕೇಶಪ್ಪನೇ ಹೇಳಿ ಕಳಿಸಿ ಮೂರನೇ ಸಾಲಿನ ಕೊನೆಯ ಕುರ್ಚಿ ತೋರಿಸಿದ. “ಇದು ನಿಂದು. ಟಿಕೀಟು ಪಕೀಟು ಏನೂ ಬ್ಯಾಡ. ಶುರು ಹಚ್ಚೋದು ನಿನ್ ಕೆಲಸ, ಮುಂದಿಂದು ನಂದು,” ಎಂದ.

ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಅರಳೆ ಹೊತ್ತರೂ ಮೇಸ್ತ್ರಿಯ ಬಾಯಲ್ಲಿ ‘ಏ ಇವನೇ’ ಆಗಿದ್ದವನು ಒಂದೇ ತಿಂಗಳಲ್ಲಿ ‘ನಗೋ ಗುಡ್ಡಪ್ಪ’ ಆದ. ಚಾದಂಗಡಿಯಲ್ಲಿ ಜನ ಜರುಗಿ ಜಾಗ ಕೊಟ್ಟರು. ಆದರೆ ಅವನಿಗೆ ಅದಕ್ಕಿಂತ ದೊಡ್ಡದೊಂದಿತ್ತು. ಬಕ್ಕೇಶಪ್ಪ ನಗೆಮಾತು ಆಡಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆ ನಿಲ್ಲುವುದು ಯಾರಿಗಾಗಿ ಎಂಬುದು ಇಡೀ ಥಿಯೇಟರಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಹುಟ್ಟಿದಾಗಿನಿಂದ ಗುಡ್ಡಪ್ಪನಿಗಾಗಿ ಯಾರಾದರೂ ಕಾದದ್ದಿದ್ದರೆ ಆ ಒಂದು ಗಳಿಗೆ.

ದೀಪಾವಳಿ ಕಳೆದು ಹತ್ತಿಯ ಗಾಡಿಗಳು ಸಾಲುಗಟ್ಟಿದಾಗ ಕೆಮ್ಮು ಹಿಡಿಯಿತು. ಎಲ್ಲರಿಗೂ ಹಿಡಿಯುವ ದೂಳಿನ ಕೆಮ್ಮು ಎಂದುಕೊಂಡ. ಎಲ್ಲರದೂ ಹೋಯಿತು, ಇವನದು ಉಳಿಯಿತು. ಎದೆ ನೆಟ್ಟಗಾಗುವವರೆಗೆ ಮನೆಯಲ್ಲಿರು ಎಂದ ಮೇಸ್ತ್ರಿ ಎರಡು ತಿಂಗಳಾದರೂ ಕರೆಯಲಿಲ್ಲ. ಪಿ.ಜೆ. ಬಡಾವಣೆಯ ಡಾಕ್ಟರು ಬೆನ್ನಿಗೂ ಎದೆಗೂ ನಳಿಗೆ ಇಟ್ಟು ನೋಡಿ, ದೂಳಿಗೆ ಹೋಗಬೇಡ, ಹಾಲು ಕುಡಿ, ಜೋರಾಗಿ ಮಾತಾಡಬೇಡ, ನಗಲೂಬೇಡ ಎಂದರು. ಗುಡ್ಡಪ್ಪ ಮನೆಗೆ ಬಂದು ಎಲ್ಲವನ್ನೂ ಹೇಳಿದ, ಕೊನೆಯದನ್ನು ಬಿಟ್ಟು.

ರಂಗವ್ವ ಮಂಡಕ್ಕಿ ಭಟ್ಟಿಗೆ ಹೋಗಿ ಜರಡಿ ಹಿಡಿದು ಬರುತ್ತಿದ್ದಳು. ಈಗ ಮನೆ ನಡೆಯುತ್ತಿದ್ದದ್ದು ಅವಳ ಕೂಲಿಯ ಮೇಲೆ. ಒಂದು ದಿನವೂ ಅದನ್ನು ಎತ್ತಿ ಆಡಿದವಳಲ್ಲ. ಹೋದ ವಾರ ಮಾತ್ರ, ಒಲೆಯ ಮುಂದೆ ಕೂತು, ಅವನ ಕಡೆ ನೋಡದೆ ಹೇಳಿದ್ದಳು: “ನಿಮ್ ನಗೆ ಊರಾಗೆ ಎಲ್ಲಾರೂ ಕೇಳ್ಯಾರೆ. ಮನ್ಯಾಗಿರೋ ನಾನೊಬ್ಬಾಕಿ ಕೇಳಿಲ್ಲ. ಭಟ್ಟಿಯಾಗೆ ಹೆಂಗಸರು ಕೇಳ್ತಾರೆ, ನಿನ್ ಗಂಡ ಮನ್ಯಾಗೂ ಹಂಗೇ ನಗ್ತಾನೇನೇ ಅಂತ. ಏನಂತ ಹೇಳ್ಲಿ?” ಗುಡ್ಡಪ್ಪ ನೆನಪು ಮಾಡಿಕೊಂಡು ನೋಡಿದ. ಹೌದು, ಮನೆಯಲ್ಲಿ ನಕ್ಕದ್ದೇ ನೆನಪಿಲ್ಲ. ನಗುವಂಥದ್ದು ಆ ಮನೆಯಲ್ಲಿ ಏನಿತ್ತು?

ಆಟ ಶುರುವಾಗುವ ಮೂರನೇ ಗಂಟೆ ಹೊಡೆಯಿತು. ಹಾರ್ಮೋನಿಯಂ ಎದ್ದಿತು, ಪರದೆ ಮೇಲೆ ಹೋಯಿತು. ತಗಡಿನ ಬಿಸಿಗೆ ಜನ ಟವೆಲ್ಲಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಹರಿಹರದ ಜನಕ್ಕೆ ಈ ನಾಟಕ ಹಿಡಿಸಿರಲಿಲ್ಲ. ಅರ್ಧ ಬೆಂಚು ಖಾಲಿ. ಗುಡ್ಡಪ್ಪ ಹಗ್ಗದಾಚೆಯ ಹೆಂಗಸರ ಕಡೆ ಒಮ್ಮೆ ಕಣ್ಣು ಹಾಯಿಸಿದ. ರಂಗವ್ವ ಮುಂದೆಯೇ ಕೂತಿದ್ದಳು.

ಬಕ್ಕೇಶಪ್ಪನದು ಯಜಮಾನನ ಮಗನ ಜೊತೆ ಹೆಣ್ಣು ನೋಡಲು ಹೋಗುವ ಆಳಿನ ಪಾರ್ಟು. ಬಾಯಿಬಡುಕ ಆಳು. ಅಲ್ಲಿ ಹೋಗಿ ತುಟಿ ಬಿಚ್ಚಕೂಡದೆಂದು ಯಜಮಾನ ಆಣೆ ಹಾಕಿಸಿರುತ್ತಾನೆ. ಮೊದಲ ನಗೆಮಾತು ಬಂದಾಗ ಗುಡ್ಡಪ್ಪ ಉಸಿರು ಬಿಗಿಹಿಡಿದು ಚಿಕ್ಕದಾಗಿ ನಕ್ಕ. ಏನೂ ಆಗಲಿಲ್ಲ. ನಾಲ್ಕಾರು ಜನ ಜೊತೆಗೂಡಿದರು. ಅವನಿಗೆ ಧೈರ್ಯ ಬಂತು.

ಹೆಣ್ಣಿನ ಮನೆಯ ದೃಶ್ಯ. ಬಕ್ಕೇಶಪ್ಪ ತುಟಿ ಎರಡನ್ನೂ ಬೆರಳಲ್ಲಿ ಹಿಡಿದುಕೊಂಡು ಬಂದು ಚಾಪೆಯ ಮೇಲೆ ಕೂತ. ಕೂತ ರೀತಿಗೇ ಗುಡ್ಡಪ್ಪನಿಗೆ ಒಳಗಿನಿಂದ ಉಕ್ಕಿತು. ಕೊಕ್ ಕೊಕ್ ಎಂದಿತು. ರಂಗವ್ವ ಕೇಳಲಿ ಎಂದು ಕೊರಳು ಬಿಟ್ಟ. ಕಟ್ಟೆಯೊಡೆಯಬೇಕಾದ ಜಾಗಕ್ಕೆ ಬಂದಾಗ ಎದೆಯಲ್ಲಿ ಏನೋ ಸಿಕ್ಕಿಕೊಂಡು ನಗು ಕೆಮ್ಮಾಗಿ ತಿರುಗಿತು. ತಡೆಯಲು ನೋಡಿದ. ತಡೆದಷ್ಟೂ ಜೋರಾಯಿತು. ಜ್ಯೇಷ್ಠಮಧು ಬಾಯಿಂದ ಹಾರಿ ಹೋಯಿತು. ಒಂದು ಕೈ ಎದೆಯ ಮೇಲೆ, ಒಂದು ಕೈ ಕುರ್ಚಿಯ ತೋಳಿನ ಮೇಲೆ, ಮುಂದಕ್ಕೆ ಬಾಗಿ ಬಾಗಿ ಕೆಮ್ಮಿದ.

“ಯಾವನಲೇ ಅವನು, ಎತ್ತಿ ಹೊರಗೆ ಹಾಕ್ರಿ!” ಎಂದು ಹಿಂದಿನಿಂದ ಕೂಗು ಬಂತು. ಗೇಟಿನ ಕಡೆಯಿಂದ ಹಿದಾಯತ್ ಓಡಿ ಬಂದು, ಬಂದವನು ಅಲ್ಲೇ ನಿಂತ.

ಯಾಕೆಂದರೆ ರಂಗದ ಮೇಲೆ ಹೆಣ್ಣಿನ ತಂದೆ, “ಹುಡುಗಗೆ ಹೊಲ ಎಷ್ಟೈತಪ್ಪ?” ಎಂದು ಕೇಳಿದ್ದ. ಬಾಯಿ ಬಿಚ್ಚಬಾರದ ಆಳು ಅದಕ್ಕೆ ಉತ್ತರವಾಗಿ ಕೆಮ್ಮಿದ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ಇಲ್ಲದ ಕುರ್ಚಿಯ ತೋಳು ಹುಡುಕುತ್ತ, ಮುಂದಕ್ಕೆ ಬಾಗಿ ಬಾಗಿ. ಥಿಯೇಟರು ಒಂದು ಕ್ಷಣ ಬೆರಗಾಗಿ, ಮರುಕ್ಷಣ ಸಿಡಿಯಿತು. “ಹುಡುಗ ಗಟ್ಟಿಮುಟ್ಟಾಗಿ ಅದಾನೇನು?” ಮತ್ತೆ ಕೆಮ್ಮು, ಈ ಸಲ ಕೊನೆಗೆ ಸಿಳ್ಳೆಯಂಥ ಉಸಿರು. ಜನ ಬೆಂಚು ಗುದ್ದಿದರು. “ಒನ್ಸ್ ಮೋರ್!” ಎಂದರು. ಬಕ್ಕೇಶಪ್ಪ ರಂಗದ ಅಂಚಿಗೇ ಬಂದು, ಗುಡ್ಡಪ್ಪನಿಗೆ ಎದುರಾಗಿ ನಿಂತು, ಅವನ ಕೆಮ್ಮನ್ನು ಅವನಿಗೇ ಕೆಮ್ಮಿ ತೋರಿಸಿದ.

ತಾನು ಕೆಮ್ಮುವಾಗ ಹೀಗೆ ಕಾಣುತ್ತೇನೆಂದು ಗುಡ್ಡಪ್ಪನಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಹೆಂಗಸರ ಕಡೆ ನೋಡಬಾರದೆಂದುಕೊಂಡೇ ನೋಡಿದ. ರಂಗವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಭುಜ ಕುಣಿಯುತ್ತಿತ್ತು. ನಗುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆಟ ಮುಗಿದ ಮೇಲೆ ಬಕ್ಕೇಶಪ್ಪ ಒಳಗೆ ಕರೆಸಿದ. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಮುಖದ ಬಣ್ಣ ಒರೆಸಿಕೊಂಡಿದ್ದ. ಇನ್ನರ್ಧ ಇನ್ನೂ ಆಳಾಗಿಯೇ ಇತ್ತು. ಎದ್ದು ಬಂದು ಗುಡ್ಡಪ್ಪನನ್ನು ತಬ್ಬಿಕೊಂಡ.

“ನನ್ ಅನ್ನ ಉಳಿಸಿದೆಯಪ್ಪ. ಈ ಊರಾಗೆ ಬಕ್ಕೇಶಪ್ಪಗೆ ವಯಸ್ಸಾತು ಅಂತ ಮಾಲಕರು ಬ್ಯಾರೆಯೋನ್ನ ಕರೆಸೋಕೆ ಕಾಗದ ಬರೆದಿದ್ರು. ಇವತ್ತು ಅವರೇ ಬಂದು ಬೆನ್ನು ತಟ್ಟಿದ್ರು. ಇನ್ನ ಮ್ಯಾಲೆ ನೀನು ನಗಬ್ಯಾಡ. ಹೊಲ ಎಷ್ಟೈತೆ ಅಂತಾರಲ್ಲ, ಅಲ್ಲಿ ಕೆಮ್ಮು. ಆಮೇಲೆ ನಾನು ಹಿಡೀತೀನಿ. ಕುರ್ಚಿ ಮೊದಲ ಸಾಲಿಗೆ ಹಾಕಿಸ್ತೀನಿ.”

“ಮಾಸ್ತರ, ನಂಗೆ ಕೆಮ್ಮು ಖರೇನೇ ಐತ್ರಿ,” ಎಂದ ಗುಡ್ಡಪ್ಪ.

“ಗೊತ್ತೈತಪ್ಪ. ಅದಕ್ಕೇ ಅಷ್ಟು ಚೆಂದ ಬರ್ತೈತೆ.”

ಬಕ್ಕೇಶಪ್ಪನ ಬಣ್ಣವಿಲ್ಲದ ಅರ್ಧ ಮುಖದಲ್ಲಿ ಕಣ್ಣು ಒದ್ದೆಯಾಗಿತ್ತು. ಅವನೇನು ಕೆಟ್ಟವನಲ್ಲ. ಬೇಡ ಎನ್ನಬೇಕೆಂದೇ ಗುಡ್ಡಪ್ಪ ಬಾಯಿ ತೆರೆದ. ಬೇಡವೆಂದರೆ ನಾಳೆಯಿಂದ ತನಗೆ ಇರುವುದೇನು ಎಂದು ಹೊಳೆದದ್ದೇ ತಡ, “ಆತ್ರಿ,” ಎಂದುಬಿಟ್ಟ. ಆ ಮಾತಿಗೆ ಅವನಿಗೇ ಹೇಸಿಗೆಯಾಯಿತು.

ಹರಿಹರದ ಸ್ಟೇಷನ್ನಿನಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ಇಳಿಬಿಸಿಲು ಹಳಿಗಳ ಮೇಲೆ ಬಿದ್ದಿತ್ತು. ರಂಗವ್ವ ಕಲ್ಲಿನ ಬೆಂಚಿನ ಈ ತುದಿಗೆ ಕೂತಳು, ಗುಡ್ಡಪ್ಪ ಆ ತುದಿಗೆ.

“ನೀನೂ ನಕ್ಕೆ,” ಎಂದ ಗುಡ್ಡಪ್ಪ.

“ಹೂಂ.”

“ಅದು ನಾನು ಅಂತ ಗೊತ್ತಾಗ್ಲಿಲ್ಲೇನು?”

“ನಾಕು ತಿಂಗಳಿಂದ ಪಕ್ಕದಾಗೆ ಮಲಗಿ ಕೇಳೋಳಿಗೆ ಗೊತ್ತಾಗದಿಲ್ಲೇನ್ರಿ?” ರಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಎಲ್ಲಾ ಹೆಂಗಸರೂ ಬಿದ್ದು ಬಿದ್ದು ನಗ್ತಿದ್ರು. ಬಾಜೂಕ ಕೂತಾಕಿ ನನ್ ಮುಖಾನೇ ನೋಡ್ತಿದ್ಲು. ಯಾಕವ್ವ ನೀನು ನಗವಲ್ಲಿ ಅಂದ್ಲು. ನಗದಿದ್ರೆ ಗೊತ್ತಾಗ್ತಿತ್ತು, ಇಕಿ ಅವನ ಹೆಂಡ್ತಿ ಅಂತ.”

ಆ ಹೊತ್ತಿನಲ್ಲಿ ಅವಳು ಎದೆ ಬಡಿದುಕೊಂಡು ಅತ್ತಿದ್ದರೂ ಗುಡ್ಡಪ್ಪನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ನಗೆ ಕೇಳಾಕೆ ಅಂತ ಬಂದಿದ್ದಿ,” ಎಂದ.

“ಕೇಳಿದೆ. ಶುರುವಿಗೆ ಒಂದಿಷ್ಟು ಬಂತಲ್ಲ. ಚೆಂದೈತೆ.” ಆಮೇಲೆ ಹೇಳಿದಳು: “ಬರೋ ಐತವಾರ ಹೋಗಬ್ಯಾಡ್ರಿ.”

ಅವನು ಎದ್ದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋದ. ಗಾಡಿ ಬಂತು.

ಆ ವಾರ ಅವನು ಮನೆಯಲ್ಲೇ ಇದ್ದ. ರಂಗವ್ವ ಬೆಳಗ್ಗೆ ಭಟ್ಟಿಗೆ ಹೋದರೆ ಬೈಗಿಗೆ ಬರುತ್ತಿದ್ದಳು. ಅಷ್ಟು ಹೊತ್ತೂ ಮಾಡಿನ ಗಳ ಎಣಿಸುತ್ತ ಮಲಗಿದ. ಬುಧವಾರ ಜಿನ್ನಿನ ತನಕ ನಡೆದು ಹೋಗಿ ಬಾಗಿಲಲ್ಲಿ ನಿಂತ. ಮೇಸ್ತ್ರಿ ಅವನನ್ನು ನೋಡಿ, ನೋಡದವನ ಹಾಗೆ ಒಳಗೆ ಹೋದ. ಅವನ ಜಾಗದಲ್ಲಿ ಹೊಸಬನೊಬ್ಬ ಅರಳೆ ಹೊರುತ್ತಿದ್ದ. ಚಾದಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಭಾನುವಾರ ಎದ್ದವನೇ ಅಂಗಿ ಒಗೆದು ಒಣಹಾಕಿದ. ರಂಗವ್ವ ನೋಡಿದಳು. ರೊಟ್ಟಿ ಬಡಿದಿಟ್ಟು, ರಜೆಯ ದಿನವಾದರೂ ಭಟ್ಟಿಯ ಕಡೆ ಹೊರಟುಹೋದಳು.

ಹರಿಹರದಲ್ಲಿ ಥಿಯೇಟರಿನ ಮುಂದೆ ಜಾತ್ರೆಯಷ್ಟು ಜನ. ಒಂದೇ ವಾರದಲ್ಲಿ ಸುದ್ದಿ ಹಬ್ಬಿತ್ತು. ಹಿದಾಯತ್ ದಾರಿ ಬಿಡಿಸಿ ಒಳಗೆ ಕರೆದೊಯ್ದ. ಗುಡ್ಡಪ್ಪನ ಮುಖ ಮಾತ್ರ ನೋಡಲಿಲ್ಲ. ಮೊದಲ ಸಾಲಿನಲ್ಲಿ ಬೆತ್ತದ ಕುರ್ಚಿ, ಮೇಲೊಂದು ದಿಂಬು. ಗುಡ್ಡಪ್ಪ ಕೂತೊಡನೆ ಹಿಂದೆ ಪಿಸಿಪಿಸಿ ಎದ್ದಿತು. “ಅವನೇ ನೋಡಲೇ, ಅವನೇ.”

ಹೆಣ್ಣಿನ ಮನೆಯ ದೃಶ್ಯ ಬಂತು. “ಹುಡುಗಗೆ ಹೊಲ ಎಷ್ಟೈತಪ್ಪ?” ಎಂದ ಹೆಣ್ಣಿನ ತಂದೆ. ಥಿಯೇಟರು ಗಪ್ಪಾಯಿತು. ಬಕ್ಕೇಶಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು, ಹುಬ್ಬೇರಿಸಿ ಕಾದ. ಹಿಂದಿನ ಜನ ಬೆಂಚಿನ ಮೇಲೆ ಎದ್ದು ನಿಂತರು. ಕೆಮ್ಮು ಬರಲಿಲ್ಲ. ಎಷ್ಟೋ ದಿನದ ಮೇಲೆ ಅವತ್ತು ಗುಡ್ಡಪ್ಪನ ಎದೆ ಹಗುರವಾಗಿತ್ತು, ಉಸಿರು ಸಲೀಸಾಗಿ ಆಡುತ್ತಿತ್ತು. ಬಕ್ಕೇಶಪ್ಪನ ಹುಬ್ಬು, ಉಬ್ಬಿದ ಕೆನ್ನೆ, ಚಾಪೆಯ ಮೇಲೆ ಕುಕ್ಕರಿಸಿದ ಭಂಗಿ ನೋಡಿ ಅವನಿಗೆ ನಗು ಬಂತು. ನಿಜವಾದ ನಗು, ಮೊದಲಿನದು. ಕೊರಳಿನ ತನಕ ಬಂದೇಬಿಟ್ಟಿತು.

ಹಲ್ಲು ಕಚ್ಚಿ ಅದನ್ನು ನುಂಗಿದ. ಆಮೇಲೆ ಕೆಮ್ಮಿದ.

ಮೊದಲಿನ ಎರಡು ಅವನೇ ಕೆಮ್ಮಿದ್ದು. ಮೂರನೆಯದು ತಾನಾಗಿ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಥಿಯೇಟರು ತಗಡು ಹಾರಿಹೋಗುವಂತೆ ನಕ್ಕಿತು. ಗುಡ್ಡಪ್ಪ ಮಂಡಿಗೆ ಹಣೆ ತಾಗುವಷ್ಟು ಬಾಗಿ, ದಿಂಬು ಜಾರಿ ಬಿದ್ದದ್ದೂ ತಿಳಿಯದೆ, ಸಾಕು ಎಂಬಂತೆ ಒಂದು ಕೈ ಮೇಲೆತ್ತಿದ. ಅದಕ್ಕೂ ನಕ್ಕರು. ಬಕ್ಕೇಶಪ್ಪ ಎದೆಯ ಮೇಲಿನ ಕೈ ಇಳಿಸಿ, ಗಾಬರಿಯಾಗಿ, ಮುಂದಿನ ಮಾತು ಎತ್ತಲು ಬಾಯಿ ತೆರೆದ. ಜನ ಶ್ ಶ್ ಎಂದು ಅವನನ್ನು ಸುಮ್ಮನಿರಿಸಿದರು. ಕುರ್ಚಿಯವನ ಪಾರ್ಟು ಇನ್ನೂ ಮುಗಿದಿರಲಿಲ್ಲ.