ನೆಂಟ ಹಾವಿನ ಉಪವಾಸ

ಡಿಸೆಂಬರ್ ಬಂದರೆ ದಹಿಸರ್‌ನಲ್ಲೂ ದೋಸೆ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಪ್ರಫುಲ್ಲಕ್ಕ ಪಾತ್ರೆಗೆ ಹಳೆಯ ಸ್ವೆಟರ್ ಸುತ್ತಿ ಒಲೆಯ ಹತ್ತಿರ ಸರಿಸುತ್ತಿದ್ದರು. ಆದರೆ ಮನೆಯಲ್ಲಿ ಸಾಕಿದ ಬೋವಾ ಹಾವುಗಳು ಕೂಡಲು ಮುಂಬಯಿಯ ಈ ಚಳಿ ಸಾಲದು. ಅದಕ್ಕೇ ಮಗ ಧನರಾಜ್ ಒಳಕೋಣೆಯಲ್ಲಿ ಇರುಳಿಡೀ ಎಸಿ ಹಾಕಿ, ಬೆಳಿಗ್ಗೆ ಆರಿಸಿ, ತಿಂಗಳಿಂದ ಅಲ್ಲಿ ಬೇರೆಯೇ ಒಂದು ಚಳಿಗಾಲ ನಡೆಸುತ್ತಿದ್ದ. ರಾತ್ರಿ ತಂಪಾಗಿ, ಹೊಟ್ಟೆ ಖಾಲಿ ಇದ್ದರೇ ಗಂಡು ಹೆಣ್ಣಿನ ಹಿಂದೆ ಹೋಗುವುದು. ಹೆಣ್ಣು ಅವನದು, ಮರಿಯಿಂದ ಸಾಕಿ ದೊಡ್ಡದು ಮಾಡಿದ್ದು. ಕೂಡಿಸಲು ತಂದ ಗಂಡು, ಹಾವು ಸಾಕುವ ವಡಾಲದ ಹಿತೇಶ್‌ನದು. ಹುಟ್ಟಿದ ಮರಿಗಳಲ್ಲಿ ಎರಡನ್ನು ಮೊದಲು ಹಿತೇಶ್ ಆರಿಸಿಕೊಳ್ಳಬೇಕು ಅಂತ ಮಾತಾಗಿತ್ತು.

ಆವತ್ತು ಭಾನುವಾರ. ಹಾವುಗಳ ಪೆಟ್ಟಿಗೆಯ ಗಾಜು ಒರೆಸಲು ಹೋದ ಧನರಾಜ್ ಬಟ್ಟೆ ಹಿಡಿದು ಹಾಗೇ ನಿಂತ. ಗಂಡಿನ ನಡುಮೈ ಉಬ್ಬಿತ್ತು.

“ಅಮ್ಮಾ, ಫ್ರೀಜರಿನ ಇಲಿ ಮುಟ್ಟಿದೆಯಾ?”

“ಹೌದು ಮಾರಾಯ. ನಿನ್ನೆ ಸಂಜೆ ಬಿಸಿನೀರಿಗೆ ಹಾಕಿ ಕೊಟ್ಟೆ, ನೀನು ಕೊಡುವ ಹಾಗೆಯೇ. ಹೆಣ್ಣು ಮೂಸಿಯೂ ನೋಡ್ಲಿಲ್ಲ. ಅವ ಗಬಕ್ಕ ನುಂಗಿದ.”

“ಕೊಡಬೇಡ ಅಂತ ಹೇಳಿದ್ದೆ ಅಲ್ವಾ!”

“ನಿನ್ನದನ್ನು ಉಪವಾಸ ಹಾಕು, ನಾನು ಕೇಳುವುದಿಲ್ಲ. ಅವ ನೆಂಟ. ಹೆಣ್ಣಿನ ಮನೆಗೆ ಬಂದವನಿಗೆ ತಿಂಗಳಿಡೀ ಬರೀ ನೀರಾ?”

ಧನರಾಜ್‌ಗೆ ನಗು ಬರಲಿಲ್ಲ. ತಂಪಿನಲ್ಲಿ ಹಾವಿಗೆ ತಿಂದದ್ದು ಅರಗುವುದಿಲ್ಲ, ಒಳಗೇ ಕೊಳೆಯುತ್ತದೆ. ಒಂದು ರಾತ್ರಿಯ ಎಸಿ ಆಗಲೇ ಕಳೆದಿತ್ತು. ಈಗಲೇ ಬಿಸಿ ಕೊಟ್ಟರೆ ಗಂಡು ಉಳಿದೀತು. ಆದರೆ ಮನೆಯಲ್ಲಿ ತಂಪು ಕೋಣೆ ಅದೊಂದೇ. ಬಿಸಿ ಮಾಡಿದರೆ ಹೆಣ್ಣಿನ ಚಳಿಗಾಲವೂ ಅಲ್ಲಿಗೇ ಮುಗಿಯಿತು. ಗಂಡನ್ನು ಎತ್ತಿ ಹೊರಗಿಡುವ ಹಾಗೂ ಇಲ್ಲ, ಉಂಡ ಹಾವನ್ನು ಅಲುಗಿಸಿದರೆ ಕಾರುತ್ತದೆ. ಮೊನ್ನೆಯಷ್ಟೇ ಅದು ಹೆಣ್ಣಿನ ಬೆನ್ನ ಮೇಲೆ ತಲೆ ಇಡಲು ಶುರುಮಾಡಿತ್ತು. ಇನ್ನೂ ಕೂಡಿರಲಿಲ್ಲ.

ಬಿಸಿ ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೇ ಇದ್ದ.

“ಎಂತ ಆಲೋಚನೆ? ನಮ್ಮ ಹಟ್ಟಿಯಲ್ಲಿ ಇನ್ನೊಬ್ಬರ ಹೋರಿ ಹೊಟ್ಟೆಯುಬ್ಬರಿಸಿ ಬಿದ್ದಿದ್ದರೆ ಹೀಗೆ ನಿಲ್ತಿದ್ದೆಯಾ?”

“ನೀನೊಮ್ಮೆ ಸುಮ್ಮನಿರು,” ಅಂದು ಸ್ವಿಚ್ ಒತ್ತಿದ. ಆಮೇಲೆ ಹಿತೇಶ್‌ಗೆ ಫೋನ್ ಮಾಡಿದ.

ಹಿತೇಶ್ ಮಧ್ಯಾಹ್ನವೇ ಬಂದ. ಚಪ್ಪಲಿ ಬಿಟ್ಟವನು ನೀರೂ ಮುಟ್ಟದೆ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಕಾರಿತಾ?”

“ಇನ್ನೂ ಇಲ್ಲ.”

“ಕಾರಿದರೆ ಇದು ಉಳಿಯೋದು ಕಷ್ಟ, ಭಾಯ್.”

ಪ್ರಫುಲ್ಲಕ್ಕ ತಮ್ಮ ಹರಕು ಹಿಂದಿಯಲ್ಲಿ, ಕೊಟ್ಟದ್ದು ತಾನೇ, ಮಗನಿಗೆ ಬೈಯಬೇಡ ಅಂದರು. “ಚಟ್ನಿಯೂ ಹಾಕಿದ್ರಾ ಆಂಟಿ?” ಅಂದ ಹಿತೇಶ್. ಮುಖದಲ್ಲಿ ನಗು ಇರಲಿಲ್ಲ.

ಮುಂದಿನ ದಿನಗಳಲ್ಲಿ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ತೆಗೆದು ಮೆಲ್ಲಗೆ ಹಾಕಿದರು. ಧನರಾಜ್ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತೂ ಮನೆಗೆ ಫೋನ್ ಮಾಡುತ್ತಿದ್ದ. ಉಬ್ಬು ನಿಧಾನಕ್ಕೆ ಇಳಿಯಿತು. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಕೆಟ್ಟ ನಾತ ಬಂತು. “ಹೇತ, ಹೇತ!” ಅಂತ ಪ್ರಫುಲ್ಲಕ್ಕ ಅಡುಗೆಮನೆಯವರೆಗೂ ಕೂಗುತ್ತ ಬಂದರು.

ಹಿತೇಶ್ ಬಟ್ಟೆಯ ಚೀಲ ತಂದ. ಗಂಡಿನ ಬಾಯಿ ಬಿಡಿಸಿ ನೋಡಿ, ಉಸಿರು ಕೇಳಿ, ಒಳಗಿಳಿಸಿ ಗಂಟು ಹಾಕಿದ.

“ಮುಂದಿನ ಚಳಿಗೆ ಕಳಿಸ್ತೀರಾ?” ಧನರಾಜ್ ಕೇಳಿದ.

ಹಿತೇಶ್ ಗಂಟನ್ನು ಇನ್ನೊಮ್ಮೆ ಬಿಗಿದ. ಲಿಫ್ಟಿನೊಳಗೆ ಹೋದ ಮೇಲೆ ತಿರುಗಿ ಒಂದು ಮಾತು ಅಂದ, ಬಾಗಿಲು ಮುಚ್ಚಿತು.

“ಎಂತ ಹೇಳಿದ ಅವ?” ಒಳಗಿಂದ ಪ್ರಫುಲ್ಲಕ್ಕ ಕೇಳಿದರು.

“ಅವನ ಎರಡು ಮರಿ ಇನ್ನೂ ಬಾಕಿ ಉಂಟಂತೆ, ಮುಂದಿನ ಚಳಿಗೆ.”