ಹತ್ತನೆಯ ಸಂಖ್ಯೆ

ಬಸ್ಸಿನೊಳಗೆ ಸಂಖ್ಯೆಗಳು ಒಂದರ ಹಿಂದೊಂದು ಎದ್ದು ಬರುತ್ತಿದ್ದವು. ಒಂದು, ಎರಡು, ಮೂರು. ಒಂದು ಕೆಮ್ಮಿದ ದನಿ, ಒಂದು ಅಡಿಕೆ ಜಗಿಯುವ ದನಿ, ಇನ್ನೊಂದು ನಿದ್ದೆ ಬಿಡದ ದನಿ. ಇಪ್ಪತ್ತನಾಲ್ಕು ಕೇಳಿಸುವವರೆಗೆ ಬಸ್ಸು ಹೊರಡುತ್ತಿರಲಿಲ್ಲ.

ಆಗ ನಾನು ಮೆಲ್ಬರ್ನಿನಲ್ಲಿ ಓದುತ್ತಿದ್ದೆ. ರಜೆಯ ದಿನಗಳಲ್ಲಿ ನಮ್ಮ ಕಡೆಯಿಂದ ಬರುವ ಪ್ರವಾಸಿಗಳಿಗೆ ಊರು ತೋರಿಸುವ ಕೆಲಸ ಸಿಗುತ್ತಿತ್ತು. ಈ ತಂಡ ಗದಗಿನ ಕಡೆಯದು. ಕರೆತಂದಿದ್ದ ಶ್ರೀಪಾದರಾಯರು ಮೊದಲ ದಿನ ಬೆರಳು ಮಾಡಿ ತಲೆ ಎಣಿಸಲು ಹೋದಾಗ ಹಿರಿಯರೆಲ್ಲ ತಕರಾರು ತೆಗೆದರಂತೆ. ಮನುಷ್ಯರನ್ನು ಹಾಗೆ ಎಣಿಸುವುದು ಆಯುಷ್ಯಕ್ಕೆ ಒಳ್ಳೆಯದಲ್ಲವಂತೆ. "ನಾವೇನು ಸಂತಿಗೆ ಹೊಂಟ ಕುರಿ ಏನ್ರೀ?" ಎಂದು ಅರಳೆ ಗಿರಣಿಯ ಗುರುಸಿದ್ದಪ್ಪನವರು ಗದರಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಲಾಯಿತು. ಅವರವರ ಸಂಖ್ಯೆಯನ್ನು ಅವರವರೇ ಕೂಗಬೇಕು. ಗಂಡಸರು ಹಿಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಸೀಟುಗಳಲ್ಲಿ, ಹೆಂಗಸರು ಮುಂದೆ; ಎತ್ತರದ ಸೀಟುಗಳಿಂದಾಗಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಗುರುಸಿದ್ದಪ್ಪನವರದು ಒಂಬತ್ತು. ಅವರ ಹೆಂಡತಿ ಪಾರ್ವತೆವ್ವನವರದು ಹತ್ತು. ಗುರುಸಿದ್ದಪ್ಪನವರ ತಂಗಿ ನೀಲವ್ವನವರದು ಹನ್ನೊಂದು.

ಬೆಳಿಗ್ಗೆ ಮೊದಲು ನೋಡಿದ್ದು ಗೋಡೆಗಳ ತುಂಬ ಬಣ್ಣದ ಚಿತ್ರ ಬರೆದ ಒಂದು ಓಣಿಯನ್ನು. "ನಮ್ಮೂರಾಗ ಹಿಂಗ ಗ್ವಾಡಿ ಹೊಲಸು ಮಾಡಿದ್ರ ಒದೀತೀವಿ. ಇಲ್ಲಿ ವಿಮಾನ ಹತ್ತಿ ಬಂದು ನೋಡಬೇಕು!" ಎಂದು ಗುರುಸಿದ್ದಪ್ಪನವರು ನಕ್ಕರು. ಗಂಡಸರೆಲ್ಲ ನಗುತ್ತ ಮುಂದೆ ಸಾಗಿದರು. ಹಿಂದೆ ಉಳಿದಿದ್ದ ನಾನು, ಬೂದು ಕೋಟಿನ ಒಬ್ಬ ಯುವತಿ ಓಣಿಯ ಆ ತುದಿಯಲ್ಲಿ ಪಾರ್ವತೆವ್ವನವರ ಕೈ ಹಿಡಿದು ತಿರುವಿನಲ್ಲಿ ಮರೆಯಾದದ್ದನ್ನು ಕಂಡೆ.

ಬಸ್ಸಿನಲ್ಲಿ ಎಣಿಕೆ ಶುರುವಾಯಿತು. ಎಂಟು, ಒಂಬತ್ತು. ಆಮೇಲೆ ತೆಳ್ಳನೆಯ ದನಿಯೊಂದು "ಹತ್ತು" ಎಂದಿತು. ಅದರ ಬೆನ್ನಿಗೇ ಗಡುಸಾದ ದನಿ "ಹನ್ನೊಂದು" ಎಂದಿತು. ಎರಡೂ ಬಂದದ್ದು ನೀಲವ್ವನವರ ಬಾಯಿಂದ. ಪಕ್ಕದ ಸೀಟು ಖಾಲಿಯಿತ್ತು.

ನಾನು ಗಮನಿಸಿದ್ದು ನೀಲವ್ವನವರಿಗೆ ಗೊತ್ತಾಯಿತು. ಬಸ್ಸು ಹೊರಟ ಮೇಲೆ ನನ್ನ ತೋಳು ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡರು.

"ತಮ್ಮಾ, ನಿನ್ನ ಕಾಲ ಬೀಳ್ತೀನಿ, ಸುಮ್ನಿರು. ಪಾರ್ವತೆವ್ವ ವೈನೀನ ಕರಕೊಂಡು ಹೋದಾಕಿ ನಮ್ಮ ಮುಕ್ತಾ, ಅಣ್ಣನ ಮಗಳು. ತನ್ನ ಮನಸಿಗೆ ಬಂದವನ್ನ ಲಗ್ನಾದ್ಲು. ಅವತ್ತಽ ಅಣ್ಣ ಆಕಿ ಫೋಟೋ ಗ್ವಾಡಿಯಿಂದ ಇಳಿಸಿದ. ಏಳು ವರ್ಷಾತು, ಹಡೆದವ್ವ ಮಗಳ ಮಾರಿ ನೋಡಿಲ್ಲ. ಇಲ್ಲೇ ದೊಡ್ಡ ಲೈಬ್ರರಿಯಾಗ ಕೆಲಸ ಆಕಿಗೆ. ಅಲ್ಲೇ ಕುಂತಿರತಾರ. ಸಂಜಿಗೆ ನಮ್ಮ ವೈನಿ ಹೋಟೆಲಿಗೆ ಬರ್ತಾಳ."

"ನಿಮ್ಮ ಅಣ್ಣನವರಿಗೆ ಗೊತ್ತಾದರೆ?"

"ಅಲ್ಲೇ ಹೋಗಿ ಎಳಕೊಂಡು ಬರ್ತಾನ. ನಾಳೆ ಬೆಳಿಗ್ಗೆ ನಾವು ಈ ಊರು ಬಿಡ್ತೀವಿ. ಇದ್ದದ್ದು ಇವತ್ತೊಂದ ದಿನ."

ಕಲಾ ಸಂಗ್ರಹಾಲಯದ ಬಾಗಿಲಲ್ಲಿ ಗಾಜಿನ ಗೋಡೆಯೊಂದರ ಮೇಲೆ ನೀರು ಸದಾ ಇಳಿಯುತ್ತಿರುತ್ತದೆ. ಎಲ್ಲರೂ ಮಕ್ಕಳಂತೆ ಅದಕ್ಕೆ ಅಂಗೈ ಒತ್ತಿ ನೋಡುತ್ತಿದ್ದರು. ಗುರುಸಿದ್ದಪ್ಪನವರು ಹಿಂದಕ್ಕೆ ತಿರುಗಿದರು.

"ನೀಲಾ, ಎಲ್ಲಿ ಆಕಿ?"

"ತಲಿ ಭಾಳ ಸಿಡೀತದ ಅಂತ ಬಸ್ಸಿನ್ಯಾಗ ಮಲಗ್ಯಾಳ, ಅಣ್ಣಾ."

ಅವರು ತಂಗಿಯನ್ನು ಬಿಟ್ಟು ನನ್ನನ್ನು ನೋಡಿದರು. "ಹೌದೇನು ತಮ್ಮಾ?"

ನಾನು ತಲೆಯಾಡಿಸಿದೆ. ಮಾತಿನಲ್ಲಿ ಹೇಳಿದ್ದರೆ ಸುಳ್ಳು ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಅವರು ಒದ್ದೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ನಡೆದರು. ಅಲ್ಲಿನ ಒಂದು ಚಿತ್ರವೂ ನನ್ನ ನೆನಪಿನಲ್ಲಿಲ್ಲ.

ಬಸ್ಸಿಗೆ ಮರಳಿದಾಗಲೂ ನೀಲವ್ವನವರೇ ಎರಡು ದನಿಯಲ್ಲಿ ಎರಡು ಸಂಖ್ಯೆ ಕೂಗಿದರು. ಮಧ್ಯಾಹ್ನ ನೋಡಬೇಕಾಗಿದ್ದದ್ದು ಸಸ್ಯತೋಟವನ್ನು. ಬುತ್ತಿ ಬಿಚ್ಚುವ ಹೊತ್ತಿಗೆ ಆಕಾಶ ಕಪ್ಪಾಗಿ, ಗಾಳಿ ತಿರುಗಿ, ಆಲಿಕಲ್ಲು ಬಸ್ಸಿನ ನೆತ್ತಿಯನ್ನು ಬಡಿಯತೊಡಗಿತು. ಆ ಊರಿನ ಹವೆಯೇ ಹಾಗೆ. ಮುಂಜಾನೆಯ ಬಿಸಿಲನ್ನು ನಂಬಿ ಹೊರಟವರು ಮಧ್ಯಾಹ್ನ ನಡುಗುತ್ತಾರೆ.

"ತ್ವಾಟ ಬ್ಯಾಡ. ದೊಡ್ಡ ಲೈಬ್ರರಿ ಅದ ಅಂತಲ್ಲ, ಅಲ್ಲಿಗೆ ನಡೀರಿ," ಎಂದರು ಶ್ರೀಪಾದರಾಯರು.

ನೀಲವ್ವನವರ ಕೈಯಲ್ಲಿದ್ದ ರೊಟ್ಟಿಯ ಚೂರು ಅಲ್ಲೇ ನಿಂತಿತು.

"ಮ್ಯೂಸಿಯಂ ಚೆನ್ನಾಗಿದೆ ರಾಯರೇ, ಅಲ್ಲಿಗೆ ಹೋಗೋಣ," ಎಂದೆ.

"ಅಲ್ಲಿ ಟಿಕೀಟ್ ಅದ. ಇದು ಪುಕ್ಕಟ ಅದ. ಯಾಕಪಾ, ಲೈಬ್ರರಿಗೆ ಏನಾಗೇದ?"

ಏನೂ ಆಗಿಲ್ಲವೆಂದೆ.

ಆ ಗ್ರಂಥಾಲಯದ ಓದುಕೋಣೆಗೆ ಎಂಟು ಮೂಲೆಗಳು, ಮೇಲೆ ಆಕಾಶದಷ್ಟು ಎತ್ತರದ ಬಿಳಿ ಗುಮ್ಮಟ. ನೋಡಲು ಬಂದವರು ಮೇಲಿನ ಮಹಡಿಗೆ ಹೋಗಿ, ಕಟಕಟೆಗೆ ಒರಗಿ ಕೆಳಗೆ ನೋಡಬೇಕು. ಕೆಳಗೆ ಮೇಜುಗಳು ಗಾಲಿಯ ಅರಗಳಂತೆ ನಡುವಿನಿಂದ ಹೊರಕ್ಕೆ ಚಾಚಿಕೊಂಡಿದ್ದವು. ಪುಟ ತಿರುವಿದ ಸದ್ದು ಮೇಲಿನವರೆಗೆ ಕೇಳಿಸುವಂಥ ನಿಶ್ಶಬ್ದ. ನಾನು ಎಲ್ಲರನ್ನೂ ಆದಷ್ಟು ಬೇಗ ದಾಟಿಸಲು ನೋಡಿದೆ. ಗುರುಸಿದ್ದಪ್ಪನವರು ಮಾತ್ರ ನಿಂತುಬಿಟ್ಟರು.

ನೇರ ಕೆಳಗೆ ಹಸಿರು ಇಳಕಲ್ ಸೀರೆ. ಪಕ್ಕದಲ್ಲಿ ಬೂದು ಕೋಟು. ಅಲ್ಲಿ ಮಾತಾಡುವಂತಿರಲಿಲ್ಲ, ಅವರು ಮಾತಾಡುತ್ತಲೂ ಇರಲಿಲ್ಲ. ಮಗಳ ಕೂದಲು ಕಿವಿಯವರೆಗಷ್ಟೇ ಇತ್ತು. ತಾಯಿಯ ಕೈ ಅವಳ ನೆತ್ತಿಯಿಂದ ಹೊರಟು ಕತ್ತಿಗೆ ಬಂದು, ಅಲ್ಲಿ ಕೂದಲು ಮುಗಿದರೂ ನಿಲ್ಲದೆ ಬೆನ್ನುದ್ದಕ್ಕೂ ಇಳಿದು, ಜಡೆ ಮುಗಿಯಬೇಕಾದ ಕಡೆ ನಿಲ್ಲುತ್ತಿತ್ತು. ಮತ್ತೆ ನೆತ್ತಿಗೆ ಹೋಗುತ್ತಿತ್ತು.

ಗುರುಸಿದ್ದಪ್ಪನವರ ಎರಡೂ ಕೈಗಳು ಕಟಕಟೆಯನ್ನು ಹಿಡಿದಿದ್ದವು. ಗಿರಣಿಯ ಗದ್ದಲದ ಮೇಲೆ ಕೂಗಿ ಕೂಗಿ ಬಲಿತ ಗಂಟಲು ಅದು. ಒಂದು ಕೂಗು ಸಾಕಿತ್ತು.

"ಅಣ್ಣಾ..." ನೀಲವ್ವನವರು ಪಿಸುಗುಟ್ಟಿದರು.

ಅವರು ತಿರುಗಲಿಲ್ಲ.

"ಜಡಿ ತಗಿಸ್ಯಾಳ," ಎಂದರು. ಕಟಕಟೆ ಬಿಟ್ಟು ಮೆಟ್ಟಿಲಿಳಿದರು.

ಅವರು ನೇರ ಓದುಕೋಣೆಗೆ ನುಗ್ಗುತ್ತಾರೆಂದು ನಾನು ಹಿಂದೆಯೇ ಓಡಿದೆ. ಅವರು ಬಾಗಿಲು ದಾಟಿ, ಮಳೆಯಲ್ಲೇ ನಡೆದು, ಬಸ್ಸು ಹತ್ತಿ ತಮ್ಮ ಸೀಟಿನ ಮೇಲಿದ್ದ ಶಾಲು ಹೊದ್ದು ಕುಳಿತರು.

ಎಣಿಕೆ ಮತ್ತೆ ಶುರುವಾಯಿತು. ಈ ಸಲ ಶ್ರೀಪಾದರಾಯರು ನೀಲವ್ವನವರ ಸೀಟಿಗೆ ಒರಗಿಯೇ ನಿಂತಿದ್ದರು. ಎಂಟು. ಹಿಂದಿನಿಂದ ಒಂಬತ್ತು. ಆಮೇಲೆ ಏನೂ ಇಲ್ಲ. ನೀಲವ್ವನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹತ್ತು?" ರಾಯರು ಸೀಟಿನ ಕಡೆ ಬಗ್ಗಿದರು. "ಪಾರ್ವತೆವ್ವನವರು ಎಲ್ರೀ? ಹತ್ತು?"

"ಹತ್ತು," ಎಂದಿತು ಹಿಂದಿನಿಂದ ಒಂದು ಗಂಡುದನಿ.

ಎಲ್ಲರೂ ತಿರುಗಿದರು. "ಸರ, ನಿಮ್ಮದು ಒಂಬತ್ತಲ್ರೀ," ಎಂದರು ರಾಯರು.

"ಅದೂ ನಂದಽ, ಇದೂ ನಂದಽ. ಆಕಿ ಒಳಗ ಕುಂತಾಳ. ನಾನೇ ಕುಂದ್ರು ಅಂದೀನಿ."

"ಗುಂಪು ಬಿಟ್ಟು ಒಬ್ಬರನ್ನಽ ಹೆಂಗ್ರೀ, ಪರದೇಶದಾಗ..."

"ಒಬ್ಬಾಕಿ ಯಾಕಿರ್ತಾಳ್ರೀ? ನಮ್ಮ ಮನಿಯವರ ಕೂಡ ಇದ್ದಾಳ. ಗಾಡಿ ಬಿಡಸ್ರಿ."

ನೀಲವ್ವನವರು ಸೆರಗಿನೊಳಗಿಂದ "ಹನ್ನೊಂದು" ಎಂದರು.

ಕೊನೆಯ ನಿಲುಗಡೆ ದಿಬ್ಬದ ಮೇಲಿನ ಯುದ್ಧ ಸ್ಮಾರಕ. ಮಳೆ ನಿಂತು, ಗಾಳಿ ಎಲುಬು ಕೊರೆಯುತ್ತಿತ್ತು. ಉಳಿದವರೆಲ್ಲ ಊರು ನೋಡಲು ಮೇಲೆ ಹತ್ತಿದರು. ಗುರುಸಿದ್ದಪ್ಪನವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ನನ್ನನ್ನು ಕರೆದರು.

"ಸುಳ್ಳ ಹೇಳಿದಿ ನೀ."

"ಹೌದು."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಎಷ್ಟಕ್ಕ ಮುಚ್ಚತಾರ ಅದನ್ನ?"

"ಆರಕ್ಕೆ."

ಗಡಿಯಾರ ನೋಡಿಕೊಂಡರು. ಹೆಂಡತಿ ಸೀಟಿನ ಮೇಲೆ ಬಿಟ್ಟುಹೋಗಿದ್ದ ಸ್ವೆಟರು ಅವರ ಮಡಿಲಲ್ಲಿತ್ತು. ಅದನ್ನು ನನ್ನ ಕೈಗಿಟ್ಟರು. "ಥಂಡಿ ಬಿದ್ದೈತಿ. ಹೋಗಿ ಕೊಟ್ಟು ಬಾ. ರಾಯರಿಗೆ ನಾ ಹೇಳ್ತೀನಿ."

ನಾನು ನಾಲ್ಕು ಹೆಜ್ಜೆ ಹೋಗಿರಬಹುದು. "ಏ, ನಿಂದ್ರು," ಎಂದರು. ಎದ್ದು ಬಂದು, ತಮ್ಮ ಹೆಗಲ ಮೇಲಿನ ಉಣ್ಣೆಯ ಶಾಲು ತೆಗೆದು, ಎರಡು ಮಡಿಕೆ ಮಾಡಿ ಸ್ವೆಟರಿನ ಮೇಲಿಟ್ಟರು.

"ಇದನ್ನೂ ಒಯ್ಯಿ."

ಯಾರಿಗೆಂದು ನಾನು ಕೇಳಲಿಲ್ಲ. ಅವರು ತೆಳು ಅಂಗಿಯಲ್ಲಿ, ಕೈ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ನಿಂತರು.

ಅಲ್ಲಿಂದ ಗ್ರಂಥಾಲಯಕ್ಕೆ ಒಂದೇ ಟ್ರ್ಯಾಮು, ನೇರ ದಾರಿ. ಒದ್ದೆ ಬೀದಿಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ತೊಡೆಯ ಮೇಲೆ ಶಾಲು ಇನ್ನೂ ಬೆಚ್ಚಗಿತ್ತು. ಅದು ಆರಿಹೋಗದಂತೆ ನಾನು ಎರಡೂ ಕೈ ಅದರ ಮೇಲಿಟ್ಟು ಕುಳಿತೆ.