ವಿರಾರ್ ಫಾಸ್ಟಿನ ಬಾಗಿಲು

ಸಂಜೆ ಆರೂ ನಲವತ್ತರ ವಿರಾರ್ ಫಾಸ್ಟ್ ಲೋಕಲ್ ರೈಲಿನ ಹೆಂಗಸರ ಡಬ್ಬಿಗೆ ಒಂದು ಕಾನೂನಿತ್ತು. ನಡುವೆ ಬೋರಿವಲಿಯಲ್ಲಿ ಇಳಿಯುವವರು ಅದಕ್ಕೆ ಹತ್ತಕೂಡದು. ಅವರಿಗೆ ಬೇಕಾದಷ್ಟು ಗಾಡಿಗಳಿವೆ, ಕೊನೆಯ ನಿಲ್ದಾಣ ವಿರಾರಿನ ಕಡೆಯವರಿಗೆ ಇರುವುದೇ ಬೆರಳೆಣಿಕೆಯಷ್ಟು. ಅದಕ್ಕೂ ಬಂದು ವಕ್ಕರಿಸಿದರೆ ಇವರೇನು ಹಳಿಯ ಮೇಲೆ ನಡೆದುಕೊಂಡು ಮನೆಗೆ ಹೋಗಬೇಕೆ? ಈ ಕಾನೂನು ರೈಲ್ವೆಯವರದಲ್ಲ, ಕುಮುದಿನಿ ಘರತ್‌ಳದು. ವಿರಾರಿಗೆ ಒಂದೇ ನಿಲ್ದಾಣ ಹಿಂದಿನ ನಾಲಾಸೋಪಾರಾದ ಹೆಂಗಸು, ಸರಕಾರಿ ಕಚೇರಿಯಲ್ಲಿ ಟೈಪಿಸ್ಟು. ಇಪ್ಪತ್ತೆರಡು ವರ್ಷದಿಂದ ಅದೇ ಬಾಗಿಲು, ಅದೇ ಕಂಬಿ. ಬಾಯಿಯೂ ಜೋರು, ಮೊಣಕೈ ಅದಕ್ಕಿಂತ ಜೋರು.

ತಪ್ಪಿ ಹತ್ತಿದವರಿಗೆ ಶಿಕ್ಷೆಯೂ ಇತ್ತು. ಬಾಗಿಲ ಬಳಿಯ ಗುಂಪು ಅವರಿಗೆ ಬೆನ್ನು ತಿರುಗಿಸಿ ಗೋಡೆಯ ಹಾಗೆ ನಿಂತುಬಿಡುವುದು. ಒಂದು ಗೇಣೂ ಒಳಗೆ ಬಿಡುವುದಿಲ್ಲ. "ಸತ್ತೆ ಕೆಟ್ಟೆ ಅಂತ ಕೂಗಿದ್ರೂ ತಿರುಗ್ಬೇಡಿ, ಎಲ್ಲಾ ನಾಟಕ," ಎಂದು ಗುಂಪಿಗೆ ಹೇಳಿಕೊಟ್ಟವಳೂ ಕುಮುದಿನಿಯೇ.

ಅಂದು ಮಳೆ ಬೇರೆ. ಮುಂಚಿನ ಬೋರಿವಲಿ ಗಾಡಿ ರದ್ದಾಗಿತ್ತು. ಹಾಗಂತ ಮೈಕಿನಲ್ಲಿ ಯಾರಾದರೂ ಒಂದು ಮಾತು ಹೇಳಬೇಡವೆ? ಅವರ ಬಾಯಿಗೆ ಏನಾಗಿತ್ತೋ! ಎರಡು ಗಾಡಿಯ ಜನ ಒಂದಕ್ಕೇ ಮುಗಿಬಿದ್ದರು. ಅಂಧೇರಿಯಿಂದ ಗಾಡಿ ಹೊರಟ ಮೇಲೆ ಹಳದಿ ಕುರ್ತಾದ ಒಬ್ಬಳು ಹುಡುಗಿ ಓಡಿಬಂದು ಬಾಗಿಲಿಗೆ ಜೋತುಬಿದ್ದಳು.

"ಬೋರಿವಲಿ, ಬೋರಿವಲಿ! ಸ್ವಲ್ಪ ಒಳಗೆ ಸರೀರಿ, ನಿಮ್ ಕಾಲಿಗೆ ಬೀಳ್ತೀನಿ!"

"ಬೋರಿವಲಿಯಂತೆ ಮಹಾರಾಣಿಗೆ," ಎಂದಳು ಕುಮುದಿನಿಯ ಮುಂದೆಯೇ ಒತ್ತಿಕೊಂಡು ನಿಂತಿದ್ದ ಗೆಳತಿ ಹೇಮಾಂಗಿ. "ಪಲ್ಲಕ್ಕಿ ತರಿಸೋಣ್ವೇನಮ್ಮಾ?"

ಎಲ್ಲರೂ ನಕ್ಕರು. ಕುಮುದಿನಿಯೂ ನಕ್ಕಳು. ನಗುತ್ತಲೇ, ತಿರುಗಿಯೂ ನೋಡದೆ, ಮೊಣಕೈಯನ್ನು ಹಿಂದಕ್ಕೆ ತಿವಿದಳು. ಅಂಥ ಜೋರಾಗಿಯೇನೂ ಅಲ್ಲ. ದಿನಾ ತಿವಿಯುವಷ್ಟೇ.

ಹಿಂದಿನಿಂದ ಕೂಗು ಬರಲಿಲ್ಲ, ಉಸಿರು ಸಿಕ್ಕಿಕೊಂಡ ಸದ್ದೊಂದು ಬಂತು. ಕುಮುದಿನಿ ಕತ್ತು ತಿರುಗಿಸಿದಳು. ಹುಡುಗಿಯ ಒಂದು ಕಾಲು ಗಾಳಿಯಲ್ಲಿತ್ತು. ಇನ್ನೊಂದರ ತುದಿ ಮಾತ್ರ ಅಂಚಿನ ಮೇಲೆ. ಒದ್ದೆ ಕಂಬಿಯ ಮೇಲಿದ್ದ ಅವಳ ಕೈ ಕೆಳಕ್ಕೆ ಜಾರುತ್ತಿತ್ತು.

ಅಯ್ಯೋ ದೇವರೇ! ಕುಮುದಿನಿ ಬಲಗೈಯಲ್ಲಿ ಅವಳ ಮಣಿಕಟ್ಟು ಹಿಡಿದಳು. ಎಡಗೈಯಲ್ಲಿ ಕಂಬಿ. ಗಾಡಿ ಆಗಲೇ ವೇಗ ಹಿಡಿದಿತ್ತು, ಇನ್ನು ಬೋರಿವಲಿಯ ತನಕ ಎಲ್ಲಿಯೂ ನಿಲ್ಲುವುದಿಲ್ಲ. ಹದಿನೈದು ನಿಮಿಷ. ಐದು ನಿಮಿಷವೂ ತಡೆಯುವ ಕೈಯಲ್ಲ ತನ್ನದು ಎಂದು ಅವಳಿಗೆ ಗೊತ್ತಿತ್ತು.

"ಸರೀರೇ! ಹುಡುಗಿ ಬೀಳ್ತಾಳೆ, ಒಳಗೆ ಸರೀರೇ!" ಎಂದು ಕಿರುಚಿದಳು.

ಒಂದು ಬೆನ್ನೂ ಅಲುಗಲಿಲ್ಲ.

"ಅಕ್ಕ ಇವತ್ತು ಭಾರೀ ನಾಟಕ ಆಡ್ತಾಳಪ್ಪ!" ಒಳಗಿನಿಂದ ಯಾರೋ ಎಂದರು. ಮತ್ತೆ ನಗು.

"ನಾಟಕ ಅಲ್ವೇ, ನಿಮ್ಮಜ್ಜೀ! ನಿಜವಾಗ್ಲೂ ಬೀಳ್ತಾಳೆ!"

ಮಳೆಯ ಸದ್ದಿನಲ್ಲಿ, ಚಕ್ರದ ಸದ್ದಿನಲ್ಲಿ ಅದು ಯಾರಿಗೆ ಕೇಳಿತೋ ಇಲ್ಲವೋ. ಹೊರಗೆ ಕಂಬಗಳು ಒಂದೊಂದಾಗಿ ಹುಡುಗಿಯ ಬೆನ್ನ ಹಿಂದೆ ಸರ್ರನೆ ಹಾದುಹೋಗುತ್ತಿದ್ದವು. ಇನ್ನು ಒಂದು ಮೊಳ ಹೊರಗೆ ವಾಲಿದರೆ ಅವಳ ತಲೆ ಉಳಿಯುವುದಿಲ್ಲ. ಹುಡುಗಿ ಕೂಗುತ್ತಿರಲಿಲ್ಲ. ಕಣ್ಣು ಅಗಲಿಸಿ ಕುಮುದಿನಿಯ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಕುಮುದಿನಿಗೆ ತಡೆಯಲಾಗಲಿಲ್ಲ. ಬೆರಳುಗಳ ನಡುವೆ ಆ ಮಣಿಕಟ್ಟು ಸ್ವಲ್ಪ ಸ್ವಲ್ಪವೇ ಜಾರಿ ಅಂಗೈಗೆ ಬಂತು.

ಕೈ ಎರಡೂ ಬಿಡುವಂತಿಲ್ಲ. ಬಾಯಿ ಒಂದೇ ಖಾಲಿ, ಅದರ ಮಾತನ್ನು ನಂಬುವವರಿಲ್ಲ. ಕುಮುದಿನಿ ಕತ್ತು ಚಾಚಿ ಹೇಮಾಂಗಿಯ ಹೆಗಲಿಗೆ ಬಾಯಿ ಹಾಕಿ, ರವಿಕೆಯ ಸಮೇತ ಕಚ್ಚಿದಳು. ಹಲ್ಲು ನಾಟುವಷ್ಟು.

"ಅವ್ವಯ್ಯೋ!" ಹೇಮಾಂಗಿ ಚೀರಿ ಮುಂದಕ್ಕೆ ಹಾರಿದಳು. ಅವಳ ಮುಂದಿನವಳು ಅವಳ ಮುಂದಿನವಳ ಮೇಲೆ ಬಿದ್ದಳು. ಒಂದು ಗೇಣು ಜಾಗವಾಯಿತು. ಆ ಒಂದು ಗೇಣಿಗೆ ಕುಮುದಿನಿ ಮೈಯ ಭಾರವನ್ನೆಲ್ಲ ಹಾಕಿ ಹುಡುಗಿಯನ್ನು ಎಳೆದುಕೊಂಡಳು. ಇಬ್ಬರೂ ಹೇಮಾಂಗಿಯ ಬೆನ್ನಿಗೆ ಅಪ್ಪಳಿಸಿದರು.

"ಹುಚ್ಚು ನಾಯಿ ಕಚ್ಚಿದ ಹಾಗೆ ಕಚ್ತೀಯಲ್ಲೇ, ನಿಂಗೇನು ಬಂತೇ?" ಎಂದು ಬೈಯುತ್ತ ತಿರುಗಿದ ಹೇಮಾಂಗಿ, ಹುಡುಗಿಯ ಬಿಳಿಚಿದ ಮುಖ ನೋಡಿ ಅವಳ ಇನ್ನೊಂದು ತೋಳು ಹಿಡಿದುಕೊಂಡಳು. ಆಮೇಲೆ ಆ ಮೂಲೆಯಲ್ಲಿ ಯಾರೂ ನಗಲಿಲ್ಲ.

ಬೋರಿವಲಿ ಬರುವ ತನಕ ಕುಮುದಿನಿ ಆ ಕೈ ಬಿಡಲಿಲ್ಲ. ಬಿಡಬೇಕೆಂದರೂ ಬೆರಳು ಬಿಚ್ಚುತ್ತಿರಲಿಲ್ಲ. ಹುಡುಗಿ ಅವಳ ಎದೆಗೆ ಮುಖ ಒತ್ತಿ ಅಳುತ್ತಿದ್ದಳು.

ಗಾಡಿ ನಿಂತಿತು. ಗುಂಪು ತಾನಾಗಿ ಸರಿದು ದಾರಿ ಬಿಟ್ಟಿತು. ಪ್ಲಾಟ್‌ಫಾರಮಿಗೆ ಇಳಿದ ಹುಡುಗಿ ಹೊರಟುಹೋಗದೆ, ಬಾಗಿಲ ಕೆಳಗೇ ನಿಂತು ಕುಮುದಿನಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಮಾವಶಿ, ನಮ್ಮಮ್ಮನೂ ಹೀಗೆ ಹಿಡ್ಕೊಳ್ತಿರ್ಲಿಲ್ಲ. ಯಾರೋ ಪಕ್ಕೆಗೆ ತಿವಿದುಬಿಟ್ರು, ಅದಕ್ಕೇ ಕಾಲು ಜಾರಿದ್ದು. ಯಾರು ಅಂತ ನೀವು ನೋಡಿದ್ರಾ?"

ಹಿಂದೆ ಹೇಮಾಂಗಿ ಉಸಿರು ಬಿಗಿಹಿಡಿದು ನಿಂತದ್ದು ಕುಮುದಿನಿಗೆ ಗೊತ್ತಾಯಿತು. ಗಾಡಿ ಅಲುಗಿತು.

"ಇಲ್ಲ ಮಗಾ," ಎಂದಳು. "ನಾನು ನೋಡ್ಲಿಲ್ಲ."